ಬಿಡದಿಯ ಕಾರು ಕಾರ್ಖಾನೆ: ಕೈಗಾರಿಕಾ ಭೇಟಿಯನ್ನು ಪಾಠವಾಗಿಸುವ ಬಗೆ

ನಮ್ಮ ಕಡೆಯ ಪ್ರೌಢಶಾಲೆಗಳ ಪ್ರವಾಸದ ಬಸ್ಸು ಬೆಂಗಳೂರು ದಾಟಿ ಹಳೆಯ ರಸ್ತೆಯಲ್ಲಿ ಮೈಸೂರಿಗೆ ಹೊರಟರೆ ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ನಿಲ್ಲುವುದುಂಟು. ಮಕ್ಕಳು ಇಡ್ಲಿ ತಿಂದು ಬಸ್ಸು ಹತ್ತುತ್ತಾರೆ, ಅರಮನೆ, ಮೃಗಾಲಯ, ಕನ್ನಂಬಾಡಿ ಕಟ್ಟೆ ನೋಡಿ ಮರಳುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಕರ್ನಾಟಕದ ಕೈಗಾರಿಕೆಗಳ ಘಟಕ ಬಂದಾಗ ‘ಬಿಡದಿ’ ಎಂಬುದನ್ನು ‘ಮೋಟಾರು ವಾಹನ’ದೊಂದಿಗೆ ಹೊಂದಿಸಿ ಒಂದು ಅಂಕ ಪಡೆಯುತ್ತಾರೆ. ತಾವು ಇಡ್ಲಿ ತಿಂದ ಊರೇ ಇದು ಎಂಬುದು ಬಹಳ ಜನರಿಗೆ ಹೊಳೆದಿರುವುದಿಲ್ಲ. ಹೊಳೆಯುವಂತೆ ನಾವು ಕಲಿಸಿರುವುದೂ ಇಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಶಾಲೆಗಳಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಈ ಘಟಕವನ್ನು ಊರುಗಳ ಪಟ್ಟಿಯಾಗಿಯೇ ಬೋಧಿಸುತ್ತಾರೆ. ಪಟ್ಟಿಯ ಒಂದೇ ಒಂದು ಹೆಸರನ್ನು ಬಿಡಿಸಿ ತೋರಿಸಿದರೂ ವಿಜ್ಞಾನ, ಗಣಿತ, ಸಮಾಜ ಮೂರೂ ವಿಷಯಗಳ ಪಾಠ ಅದರೊಳಗೆ ಸಿಗುತ್ತದೆ. ಅದಕ್ಕಾಗಿ ಬಿಡದಿಯನ್ನು ಆರಿಸಿಕೊಂಡಿದ್ದೇನೆ. ಪ್ರವಾಸದಲ್ಲಿ ಕಾರ್ಖಾನೆಯ ಒಳಗೆ ಹೋಗಲು ಅನುಮತಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೂ ಪಾಠ ನಿಲ್ಲಬೇಕಿಲ್ಲ.

ಕಾರ್ಖಾನೆಯ ಪರಿಚಯಕ್ಕೆ ಹೆಚ್ಚು ಹೊತ್ತು ಬೇಡ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. ನಮ್ಮ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದೂ ಅದೇ ವರ್ಷ; ಮಕ್ಕಳಿಗೆ ಇಸವಿ ನೆನಪಿಡಲು ಇದಕ್ಕಿಂತ ಒಳ್ಳೆಯ ಕೊಕ್ಕೆ ಬೇಕಿಲ್ಲ. 1999ರ ಕೊನೆಗೆ ಕ್ವಾಲಿಸ್ ಗಾಡಿಯೊಂದಿಗೆ ಉತ್ಪಾದನೆ ಶುರುವಾಯಿತು. 432 ಎಕರೆ ಆವರಣ. 2010ರಲ್ಲಿ ಎರಡನೆಯ ಘಟಕ ಸೇರಿಕೊಂಡಿತು. ಎರಡೂ ಸೇರಿ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಗಾಡಿ ತಯಾರಿಸುವ ಸಾಮರ್ಥ್ಯ ಹೊಂದಿವೆ. ಜಪಾನಿನ ಹೆಸರಿನ ಪಕ್ಕದಲ್ಲಿರುವ ‘ಕಿರ್ಲೋಸ್ಕರ್’ ನಮಗೆ ಹೊಸದಲ್ಲ. ಆ ಮನೆತನದ ಉದ್ಯಮದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಅವರ ವ್ಯವಹಾರ ಆರಂಭವಾಯಿತು. ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿ ಅದೇ ಹೆಸರಿನ ಬೀಡುಕಬ್ಬಿಣದ ಕಾರ್ಖಾನೆ ಇದೆ. ಅಲ್ಲಿ ಎಂಜಿನ್ನಿನ ಸಿಲಿಂಡರ್ ಬ್ಲಾಕ್, ಸಿಲಿಂಡರ್ ಹೆಡ್‌ಗಳ ಎರಕ ಹೊಯ್ಯುತ್ತಾರೆ. ಅವೇ ಬಿಡದಿಗೆ ಹೋಗುತ್ತವೆ ಎಂದು ಪಾಠದಲ್ಲಿ ಹೇಳಬಾರದು, ಅದು ಬೇರೆ ಕಂಪನಿ. ಆದರೆ ಎಂಜಿನ್ ಎಂಬುದು ಮೊದಲು ಕೆಂಪಗೆ ಕಾದ ಕಬ್ಬಿಣದ ನೀರಾಗಿರುತ್ತದೆ ಎಂಬುದನ್ನು ನಮ್ಮ ಮಕ್ಕಳು ಹದಿನೈದಿಪ್ಪತ್ತು ಕಿ.ಮೀ. ದೂರದಲ್ಲೇ ತಿಳಿಯಬಹುದು.

ಹಾಳೆಯಿಂದ ಒಡಲಿಗೆ

ಕಾರು ಕಾರ್ಖಾನೆಯೊಳಗೆ ಕೆಲಸ ಸಾಗುವ ಕ್ರಮ ಜಗತ್ತಿನ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಉಕ್ಕಿನ ಹಾಳೆಯನ್ನು ಒತ್ತುವ ವಿಭಾಗ, ಆಮೇಲೆ ಬೆಸುಗೆ, ಆಮೇಲೆ ಬಣ್ಣ, ಕೊನೆಗೆ ಜೋಡಣೆ ಮತ್ತು ತಪಾಸಣೆ.

ಒತ್ತುವ ವಿಭಾಗವನ್ನು ವಿವರಿಸಲು ಕರ್ಚಿಕಾಯಿ ಅಚ್ಚು ಸಾಕು. ಹಾಳೆಯನ್ನು ಅಚ್ಚಿನ ನಡುವೆ ಇಟ್ಟು ಒತ್ತಿದರೆ ಅಂಚು, ತಗ್ಗು, ಉಬ್ಬು ಒಂದೇ ಏಟಿಗೆ ಮೂಡುತ್ತವೆ. ವ್ಯತ್ಯಾಸ ಬಲದ್ದು. ಇಲ್ಲಿ ಒತ್ತುವುದು ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಟನ್ನಿನ ಭಾರಕ್ಕೆ ಸಮನಾದ ಬಲ. ಬಾಗಿಲ ಹೊರಕವಚ, ಚಾವಣಿ, ಬಾನೆಟ್ ಹೀಗೆ ಬಿಡಿಬಿಡಿಯಾಗಿ ಹೊರಬರುತ್ತವೆ.

ಸಂದರ್ಶಕರು ಬೆರಗಾಗಿ ನಿಲ್ಲುವುದು ಮುಂದಿನ ಬೆಸುಗೆ ವಿಭಾಗದಲ್ಲಿ. ಕಿಡಿ ಹಾರುತ್ತಿರುತ್ತದೆ, ಯಂತ್ರದ ತೋಳುಗಳು ಬಾಗಿ, ಹೊರಳಿ, ಗಾಡಿಯ ಒಡಲೊಳಗೆ ತಲೆ ಹಾಕಿ ತೆಗೆಯುತ್ತಿರುತ್ತವೆ. ಇಲ್ಲಿ ಬೆರಗಿಗಿಂತ ಲೆಕ್ಕ ಮುಖ್ಯ. ಸಾಮಾನ್ಯ ಕಾರಿನ ಒಡಲಿನಲ್ಲಿ ಮೂರರಿಂದ ಐದು ಸಾವಿರ ಚುಕ್ಕಿ ಬೆಸುಗೆಗಳಿರುತ್ತವೆ. ಒಂದೊಂದು ಚುಕ್ಕಿಯಲ್ಲೂ ನಡೆಯುವುದು ಹತ್ತನೆಯ ತರಗತಿಯ ವಿದ್ಯುತ್ ಪಾಠವೇ. ಒಂದರ ಮೇಲೊಂದು ಕೂಡಿಸಿದ ಎರಡು ತಗಡುಗಳನ್ನು ತಾಮ್ರದ ಎರಡು ತುದಿಗಳು ಚಿಮಟದಂತೆ ಹಿಡಿಯುತ್ತವೆ. ಹಲವು ಸಾವಿರ ಆಂಪಿಯರ್ ವಿದ್ಯುತ್ತು ಸೆಕೆಂಡಿನ ಒಂದು ಚೂರು ಹೊತ್ತು ಹರಿಯುತ್ತದೆ. ಉಂಟಾಗುವ ಶಾಖವು ವಿದ್ಯುತ್ ಪ್ರವಾಹದ ವರ್ಗ, ರೋಧ ಮತ್ತು ಕಾಲ ಈ ಮೂರರ ಗುಣಲಬ್ಧ. ತಗಡು ತಗಡಿಗೆ ತಾಗುವ ಜಾಗದಲ್ಲಿ ರೋಧ ಹೆಚ್ಚಾದ್ದರಿಂದ ಅಲ್ಲಿಯೇ ಲೋಹ ಕರಗಿ ಒಂದಾಗುತ್ತದೆ. ತಾಮ್ರದ ತುದಿ ಯಾಕೆ ಕರಗುವುದಿಲ್ಲ ಎಂದು ತರಗತಿಯಲ್ಲಿ ಕೇಳಿ. ತಾಮ್ರದ ರೋಧ ಕಡಿಮೆ, ಅದು ಶಾಖವನ್ನು ಬೇಗ ಒಯ್ಯುತ್ತದೆ, ಜೊತೆಗೆ ಒಳಗೆ ನೀರು ಹರಿಸಿ ತಂಪು ಮಾಡುತ್ತಿರುತ್ತಾರೆ. ಮೂರೂ ಕಾರಣ ಹೇಳಿದ ಮಗುವಿಗೆ ಸೂತ್ರ ಬಾಯಿಪಾಠ ಮಾಡಿಸಬೇಕಿಲ್ಲ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಕಾರಣಗಳು ಸ್ಪಷ್ಟವಾಗಿವೆ. ಬೆಸುಗೆ ಹಿಡಿಕೆ ಮನುಷ್ಯ ದಿನವಿಡೀ ಎತ್ತಲಾರದಷ್ಟು ಭಾರ. ಕಿಡಿ ಮೈಮೇಲೆ ಬೀಳುತ್ತದೆ. ಸಾವಿರಾರು ಚುಕ್ಕಿಗಳೂ ಪ್ರತಿ ಗಾಡಿಯಲ್ಲಿ ಅದೇ ಜಾಗದಲ್ಲಿ ಬೀಳಬೇಕು. ಭಾರ, ಅಪಾಯ, ಏಕತಾನತೆ ಮೂರೂ ಕೂಡಿದ ಜಾಗಕ್ಕೆ ಯಂತ್ರ ಮೊದಲು ಬರುತ್ತದೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ ‘ಯೂನಿಮೇಟ್’ ಎಂಬ ಮೊದಲ ಕೈಗಾರಿಕಾ ರೋಬಾಟನ್ನು ಕೆಲಸಕ್ಕೆ ಹಚ್ಚಿದ್ದೂ ಅಂಥ ಜಾಗಕ್ಕೆ: ಅಚ್ಚಿನಿಂದ ಆಗಷ್ಟೇ ಬಿದ್ದ, ಮುಟ್ಟಲಾಗದಷ್ಟು ಬಿಸಿಯಾದ ಲೋಹದ ಭಾಗ ಎತ್ತಿಡಲು. ‘ರೋಬಾಟ್’ ಎಂಬ ಪದ ಬಂದದ್ದು ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ. ಚೆಕ್ ಭಾಷೆಯಲ್ಲಿ ‘ರೊಬೊತಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡುವ ದುಡಿಮೆ. ನಮ್ಮ ಭಾಷೆಯಲ್ಲಿ ಅದಕ್ಕೆ ‘ಬಿಟ್ಟಿ’ ಎಂಬ ತಕ್ಕ ಪದ ಮೊದಲೇ ಇದೆ.

ಯಂತ್ರದ ತೋಳಿಗೆ ಸಾಮಾನ್ಯವಾಗಿ ಆರು ಕೀಲುಗಳಿರುತ್ತವೆ. ಯಾಕೆ ಆರು? ಒಂದು ಬಿಂದುವನ್ನು ತಲುಪಲು ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಎಂದು ಮೂರು ಬಗೆಯ ಚಲನೆ ಬೇಕು. ತಲುಪಿದ ಮೇಲೆ ಬೇಕಾದ ಕೋನಕ್ಕೆ ತಿರುಗಲು ಇನ್ನೂ ಮೂರು. ಇದನ್ನು ತೋರಿಸಲು ಉಪಕರಣ ಬೇಡ. ಒಬ್ಬ ವಿದ್ಯಾರ್ಥಿಯ ಮೊಣಕೈಗೆ ಅಳತೆಪಟ್ಟಿ ಕಟ್ಟಿ ಬಾಗದಂತೆ ಮಾಡಿ ಬಾಗಿಲ ಚಿಲಕ ತೆಗೆಯಲು ಹೇಳಿ. ಆಮೇಲೆ ಮಣಿಕಟ್ಟಿಗೆ ಕಟ್ಟಿ. ಕೀಲು ಒಂದೊಂದಾಗಿ ಕಡಿಮೆಯಾದಂತೆ ಏನೇನು ಆಗುವುದಿಲ್ಲ ಎಂದು ಮಕ್ಕಳೇ ಬರೆದುಕೊಳ್ಳಲಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಇಂಥ ಯಂತ್ರ ‘ನೋಡಿ’ ಬೆಸೆಯುವುದಿಲ್ಲ, ಕಲಿಸಿದ ಜಾಗಕ್ಕೆ ಹೋಗುತ್ತದೆ. ತಗಡು ಅಲ್ಲಿಲ್ಲದಿದ್ದರೆ ಗಾಳಿಗೇ ಬೆಸುಗೆ ಹಾಕಲು ಹೊರಡುತ್ತದೆ. ತಗಡು ಇದೆಯೋ ಇಲ್ಲವೋ ಎಂದು ತಿಳಿಸಲು ಬೇರೆ ಸಂವೇದಕ ಇಡಬೇಕು.

ಬಣ್ಣದ ವಿಭಾಗ ಬಹಳ ಕಡೆ ಗಾಜಿನಾಚೆಯಿಂದಷ್ಟೇ ಕಾಣುತ್ತದೆ. ಒಡಲನ್ನು ತೊಳೆದು, ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತು ಹಾಯಿಸಿ ತುಕ್ಕು ತಡೆಯುವ ಮೊದಲ ಲೇಪ ಹಿಡಿಸುತ್ತಾರೆ. ಒಲೆಯಲ್ಲಿ ಬೇಯಿಸಿದ ಮೇಲೆ ಮುಂದಿನ ಪದರಗಳನ್ನು ಸಿಂಪಡಿಸುತ್ತಾರೆ. ಒಂದು ಕೂದಲು, ಒಂದು ನೂಲೆಳೆ ಬಿದ್ದರೂ ಹೊಳಪಿನಲ್ಲಿ ಕಾಣುವುದರಿಂದ ಮನುಷ್ಯರನ್ನು ಆದಷ್ಟು ದೂರ ಇಡುತ್ತಾರೆ.

ಜನ ಇರುವ ಜಾಗ

ಬೆಸುಗೆ ವಿಭಾಗ ನೋಡಿ ‘ಇಲ್ಲಿ ಮನುಷ್ಯರೇ ಬೇಕಿಲ್ಲ’ ಎಂದುಕೊಂಡವರಿಗೆ ಜೋಡಣಾ ವಿಭಾಗ ಬೇರೆಯೇ ಲೋಕ. ಇಲ್ಲಿ ಸಾಲುಸಾಲಾಗಿ ಜನ. ಗಾಡಿ ನಿಧಾನವಾಗಿ ಸರಿಯುತ್ತಿರುತ್ತದೆ, ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿ ಮುಂದಿನ ಗಾಡಿಗೆ ತಿರುಗುತ್ತಾರೆ. ವೈರುಗಳ ಗೊಂಚಲು, ರಬ್ಬರಿನ ಅಂಚು, ಒಳಗಿನ ಹೊದಿಕೆ ಇವೆಲ್ಲ ಮೆತ್ತನೆಯವು. ಪ್ರತಿ ಸಲ ಬೇರೆ ಬೇರೆ ರೀತಿಯಲ್ಲಿ ಬಿದ್ದುಕೊಳ್ಳುತ್ತವೆ. ಉಕ್ಕಿನ ತಗಡು ಇಟ್ಟಲ್ಲೇ ಇರುತ್ತದೆ, ವೈರು ಇರುವುದಿಲ್ಲ. ಜಡೆ ಹೆಣೆಯುವುದು, ಸೂಜಿಗೆ ದಾರ ಪೋಣಿಸುವುದು ನಮ್ಮ ಬೆರಳಿಗೆ ಸಲೀಸು, ಯಂತ್ರಕ್ಕೆ ಬಲು ಕಷ್ಟ. ಭಾರ ಎತ್ತುವುದು ಅದಕ್ಕೆ ಸಲೀಸು, ನಮಗೆ ಕಷ್ಟ. ಅಮೆರಿಕದ ಟೆಸ್ಲಾ ಕಂಪನಿ ಜೋಡಣೆಯನ್ನೂ ಆದಷ್ಟು ಯಂತ್ರಗಳಿಗೇ ಒಪ್ಪಿಸಲು ಹೋಗಿ ಉತ್ಪಾದನೆ ಹಿಂದೆ ಬಿದ್ದಾಗ, ಅತಿಯಾದ ಯಾಂತ್ರೀಕರಣ ತಪ್ಪಾಯಿತೆಂದು ಅದರ ಮುಖ್ಯಸ್ಥ ಎಲಾನ್ ಮಸ್ಕ್ 2018ರ ಏಪ್ರಿಲ್‌ನಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು.

ಜೋಡಣಾ ಸಾಲಿನ ವೇಗವನ್ನು ಗಣಿತವಾಗಿ ಕಲಿಸಿ. ಒಂದು ಪಾಳಿಯಲ್ಲಿ ಕೆಲಸದ ಸಮಯ 450 ನಿಮಿಷ, ಬೇಕಾದ ಗಾಡಿ 150 ಎಂದುಕೊಳ್ಳಿ. ಪ್ರತಿ ಮೂರು ನಿಮಿಷಕ್ಕೆ ಒಂದು ಗಾಡಿ ಹೊರಬೀಳಬೇಕು, ಅಂದರೆ ಸಾಲಿನಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ಕೆಲಸಕ್ಕೆ ಮೂರೇ ನಿಮಿಷ. ಬೇಡಿಕೆ 180ಕ್ಕೆ ಏರಿತು ಅನ್ನಿ, ಎರಡೂವರೆ ನಿಮಿಷ. ಕಾಗದದ ಮೇಲೆ ಇದು ಭಾಗಾಕಾರ. ಸಾಲಿನಲ್ಲಿ ನಿಂತವರಿಗೆ ನೀರು ಕುಡಿಯಲು, ಸೊಂಟ ನೆಟ್ಟಗೆ ಮಾಡಲು ಇದ್ದ ಅರ್ಧ ನಿಮಿಷ ಅದು. 2020ರ ನವೆಂಬರ್‌ನಲ್ಲಿ ಬಿಡದಿಯಲ್ಲಿ ಮುಷ್ಕರ, ಅದರ ಬೆನ್ನಿಗೇ ಲಾಕೌಟ್ ನಡೆದು ತಿಂಗಳುಗಟ್ಟಲೆ ಬಗೆಹರಿಯದೆ ಉಳಿದಾಗ ಕಾರ್ಮಿಕ ಸಂಘದ ದೂರುಗಳಲ್ಲಿ ಕೆಲಸದ ಹೊರೆಯ ಪ್ರಶ್ನೆಯೂ ಇತ್ತು. ಆಡಳಿತ ವರ್ಗ ಆ ದೂರನ್ನು ಒಪ್ಪಲಿಲ್ಲ. ಯಾರು ಸರಿ ಎಂದು ತರಗತಿಯಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಒಂದು ಭಾಗಾಕಾರದ ಉತ್ತರಕ್ಕಾಗಿ ಜನ ರಸ್ತೆಗಿಳಿಯಬಲ್ಲರು ಎಂಬುದನ್ನು ಮಕ್ಕಳು ತಿಳಿಯಬೇಕು.

ಮಗ್ಗದಿಂದ ಬಂದ ಬುದ್ಧಿ

ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರದ ನೇಕಾರ ಮಕ್ಕಳು, ಕುಷ್ಟಗಿ ತಾಲ್ಲೂಕಿನಲ್ಲಿ ಇಳಕಲ್ ಸೀರೆ ನೇಯುವ ಮನೆಗಳ ಮಕ್ಕಳು ತರಗತಿಯಲ್ಲಿದ್ದರೆ ಈ ಭಾಗವನ್ನು ಅವರ ಬಾಯಿಂದಲೇ ಆರಂಭಿಸಬಹುದು. ನೇಯುವಾಗ ಹಾಸಿನ ಒಂದು ಎಳೆ ಹರಿದರೆ ಏನಾಗುತ್ತದೆ? ಗಮನಿಸದೆ ಲಾಳಿ ಓಡಿಸುತ್ತಲೇ ಹೋದರೆ? ಬಟ್ಟೆಯುದ್ದಕ್ಕೂ ದೋಷ ಬೀಳುತ್ತದೆ ಎಂದು ಆ ಮಕ್ಕಳಿಗೆ ನಾವು ಹೇಳಿಕೊಡಬೇಕಿಲ್ಲ.

ಜಪಾನಿನ ಸಕಿಚಿ ತೊಯೊದಾ ಬಡಗಿಯ ಮಗ. ಮಗ್ಗ ಸುಧಾರಿಸುವುದರಲ್ಲೇ ಬಾಳು ಕಳೆದವರು. ಎಳೆ ಹರಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗವನ್ನು ಅವರು ರೂಪಿಸಿದರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗ, ನೂಲು ಮುಗಿದ ಲಾಳಿಯನ್ನು ಓಟ ನಿಲ್ಲಿಸದೆಯೇ ಬದಲಿಸಿಕೊಳ್ಳುತ್ತಿತ್ತು. ಯಂತ್ರವೇ ತಪ್ಪು ಕಂಡು ನಿಲ್ಲುವುದರಿಂದ ಒಬ್ಬೊಬ್ಬರು ಒಂದೊಂದು ಮಗ್ಗದ ಮುಂದೆ ಕಾವಲು ನಿಲ್ಲಬೇಕಿರಲಿಲ್ಲ, ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬಹುದಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಅದರ ಪೇಟೆಂಟ್ ಹಕ್ಕು ಮಾರಲಾಯಿತು. ಸಕಿಚಿಯವರ ಮಗ ಕಿಚಿರೊ ಕಾರು ತಯಾರಿಕೆಯತ್ತ ಹೊರಳಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು.

ಮಗ್ಗದ ಬುದ್ಧಿ ಕಾರಿಗೂ ಬಂತು. ಅದನ್ನು ಅವರು ‘ಜಿದೋಕಾ’ ಎನ್ನುತ್ತಾರೆ. ‘ಯಾಂತ್ರೀಕರಣ’ ಎಂದು ಬರೆಯುವ ಜಪಾನೀ ಲಿಪಿಯಲ್ಲಿ ಚಲನೆಯನ್ನು ಸೂಚಿಸುವ ಅಕ್ಷರದ ಪಕ್ಕಕ್ಕೆ ‘ಮನುಷ್ಯ’ ಎಂಬ ಗುರುತು ಸೇರಿಸಿ ಈ ಪದವನ್ನು ಬರೆಯುತ್ತಾರೆ. ಜೋಡಣಾ ಸಾಲಿನ ಉದ್ದಕ್ಕೂ ಕೈಗೆಟುಕುವಂತೆ ಒಂದು ಹಗ್ಗವೋ ಗುಂಡಿಯೋ ಇರುತ್ತದೆ. ಬೋಲ್ಟು ಸರಿಯಾಗಿ ಕೂರದಿದ್ದರೆ, ಭಾಗ ಸೀಳಿದ್ದರೆ ಕೆಲಸಗಾರ ಅದನ್ನು ಎಳೆಯುತ್ತಾನೆ. ಮೇಲಿನ ಫಲಕದಲ್ಲಿ ಆ ಜಾಗದ ದೀಪ ಹತ್ತುತ್ತದೆ. ಮೇಲ್ವಿಚಾರಕ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಫಲಕಕ್ಕೆ ‘ಅಂದೋನ್’ ಎಂದು ಹೆಸರು, ಅಂದರೆ ಜಪಾನಿನ ಹಳೆಯ ಕಾಗದದ ಲಾಂದ್ರ. ಕೆಳಗಿನ ದರ್ಜೆಯ ಕೆಲಸಗಾರನೂ ಇಡೀ ಸಾಲನ್ನು ನಿಲ್ಲಿಸಬಹುದು ಎಂಬುದೇ ಇದರ ವಿಶೇಷ. ನಮ್ಮ ತರಗತಿಗಳಲ್ಲಿ ಅರ್ಥವಾಗದ ಮಗು ಕೈಯೆತ್ತಿ ಪಾಠ ನಿಲ್ಲಿಸುವುದು ಎಷ್ಟು ಅಪರೂಪ ಎಂಬುದು ಇಲ್ಲಿ ನೆನಪಾಗದೆ ಇರದು.

ಗಂಗಾವತಿಯ ಪ್ರಶ್ನೆ

ಗಂಗಾವತಿಯ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ರೋಬಾಟಿನ ಚಿತ್ರ ತೋರಿಸಿ ಪಾಠ ಮಾಡುವಾಗ ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕೂತಿದ್ದೆ. ಒಬ್ಬ ಹುಡುಗ ಎದ್ದು, “ಎಲ್ಲಾ ರೋಬಾಟೇ ಮಾಡಿದ್ರ ನಾವೇನ್ ಮಾಡೂದ್ರೀ ಸರ್?” ಎಂದ. ತರಗತಿ ನಕ್ಕಿತು. ಪಕ್ಕದ ಸಾಲಿನ ಹುಡುಗಿ ನಗಲಿಲ್ಲ. “ಮಿಲ್ಲಿನ್ಯಾಗ ಸಾರ್ಟೆಕ್ಸ್ ಬಂದ ಮ್ಯಾಲ ನಮ್ಮವ್ವನ ಕೆಲಸ ಹೋತ್ರೀ” ಎಂದಳು. “ಯಂತ್ರ ರಿಪೇರಿ ಮಾಡಾಕ ಜನ ಬೇಕಲ್ಲ, ಚೆನ್ನಾಗಿ ಓದ್ರಿ” ಎಂದು ಪ್ರಶಿಕ್ಷಣಾರ್ಥಿ ಮುಂದಿನ ಚಿತ್ರಕ್ಕೆ ಹೋದರು.

ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಅಕ್ಕಿ ಗಿರಣಿಯ ಸಾರ್ಟೆಕ್ಸ್ ಯಂತ್ರದಲ್ಲಿ ಕಾಳುಗಳು ತೆಳ್ಳನೆಯ ಧಾರೆಯಾಗಿ ಬೀಳುತ್ತವೆ. ಕ್ಯಾಮೆರಾ ಬಣ್ಣಗೆಟ್ಟ ಕಾಳನ್ನು ಗುರುತಿಸಿದ ಕ್ಷಣದಲ್ಲಿ ಗಾಳಿಯ ಊದು ಅದನ್ನು ಹೊರಗೆ ತಳ್ಳುತ್ತದೆ. ಮೊರ ಹಿಡಿದು ಕೂತು ಆರಿಸುತ್ತಿದ್ದ ಹೆಣ್ಣುಮಕ್ಕಳ ಕೆಲಸ ಅದು. ಕೆಲಸ ಕಳೆದುಕೊಂಡವಳು ಬೇರೆ, ಯಂತ್ರ ರಿಪೇರಿಗೆ ಬರುವವನು ಬೇರೆ. ಮೂವತ್ತು ಜನರ ಬದಲು ಬರುವವನು ಒಬ್ಬ. ಆ ಹುಡುಗಿ ಕೊಟ್ಟ ಉದಾಹರಣೆ ಬಿಡದಿಗಿಂತ ಒಳ್ಳೆಯದಾಗಿತ್ತು, ಪಾಠ ಅಲ್ಲಿಂದಲೇ ಮುಂದುವರಿಯಬೇಕಿತ್ತು. ಯಲಬುರ್ಗಾ, ಕುಷ್ಟಗಿ ಭಾಗದ ಮಕ್ಕಳಿಗೂ ಈ ಪ್ರಶ್ನೆ ದೂರದ್ದಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳವರು ಅವರು. ಬೆಂಗಳೂರೆಂದರೆ ಅವರಿಗೆ ಕಟ್ಟಡದ ಕೆಲಸ. ಅದೇ ಊರಿನ ಆಚೆ ಇರುವ ಕಾರ್ಖಾನೆ ತಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬುದು ಅವರ ನಿಜವಾದ ಪ್ರಶ್ನೆ.

ಸಮಾಧಾನ ಹೇಳುವ ಬದಲು ಲೆಕ್ಕ ಕೊಡಿ. 2023ರ ನವೆಂಬರ್‌ನಲ್ಲಿ ಬಿಡದಿಯ ಮೂರನೆಯ ಘಟಕಕ್ಕಾಗಿ ಕಂಪನಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂಡವಾಳ ಸುಮಾರು 3,300 ಕೋಟಿ ರೂಪಾಯಿ, ಉದ್ಯೋಗ ಸುಮಾರು 2,000. ಭಾಗಿಸಿದರೆ ಒಂದು ಉದ್ಯೋಗಕ್ಕೆ 1 ಕೋಟಿ 65 ಲಕ್ಷ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ, ಈಗ ಕುಕನೂರು ತಾಲ್ಲೂಕಿನಲ್ಲಿರುವ ಭಾನಾಪುರದ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 400 ಎಕರೆಯ ಆ ಯೋಜನೆಗೆ ಆಗ ಘೋಷಿಸಿದ ಗುರಿ 5,000 ಕೋಟಿ ರೂಪಾಯಿ ಬಂಡವಾಳ, 40,000 ಉದ್ಯೋಗ. ಇಲ್ಲಿ ಒಂದು ಉದ್ಯೋಗಕ್ಕೆ ಹನ್ನೆರಡೂವರೆ ಲಕ್ಷ. ಎರಡೂ ಘೋಷಣೆಯ ಅಂಕಿಗಳು, ಕೈಗೂಡಿದ ಅಂಕಿಗಳಲ್ಲ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಕಾರಿಗೂ ಆಟಿಕೆಗೂ ಇಷ್ಟು ಅಂತರ ಯಾಕೆ? ಯಾವುದರಲ್ಲಿ ಸಂಬಳ ಹೆಚ್ಚಿರಬಹುದು? ನಿಮ್ಮೂರಿಗೆ ಯಾವುದು ಬರಬೇಕು? ಇಂಥ ಪ್ರಶ್ನೆಗಳಿಗೆ ಒಂದೇ ಉತ್ತರವಿಲ್ಲ, ಆದ್ದರಿಂದಲೇ ಚರ್ಚೆಗೆ ಯೋಗ್ಯ.

ಇನ್ನೊಂದು ಮಾಹಿತಿಯನ್ನು ಹತ್ತನೆಯ ತರಗತಿಯ ಮಕ್ಕಳಿಗೆ ತಪ್ಪದೆ ತಲುಪಿಸಬೇಕು. ಬಿಡದಿಯ ಆವರಣದಲ್ಲೇ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಇದೆ. ಎಸ್ಸೆಸ್ಸೆಲ್ಸಿ ಪಾಸಾದ, ಆರ್ಥಿಕವಾಗಿ ಹಿಂದುಳಿದ ಗ್ರಾಮೀಣ ಮಕ್ಕಳನ್ನು ಪರೀಕ್ಷೆಯ ಮೂಲಕ ಆಯ್ದು, ವಸತಿಯೊಂದಿಗೆ ಮೂರು ವರ್ಷ ತರಬೇತಿ ಕೊಡುತ್ತಾರೆ. ಬೆಸುಗೆ, ಬಣ್ಣ, ಜೋಡಣೆ, ಯಂತ್ರ-ವಿದ್ಯುನ್ಮಾನ ನಿರ್ವಹಣೆ ಅಲ್ಲಿನ ವಿಭಾಗಗಳು. ಮೊದಲು ಹುಡುಗರಿಗಷ್ಟೇ ಇದ್ದ ಪ್ರವೇಶ ನಂತರ ಹುಡುಗಿಯರಿಗೂ ದೊರೆಯಿತು. ಆಯ್ಕೆಯಾಗುವವರು ಕೆಲವರೇ, ನಿಜ. ಆದರೂ ಅರ್ಜಿಯ ಸುದ್ದಿ ಕುಷ್ಟಗಿಯ ಹಳ್ಳಿಯೊಂದಕ್ಕೆ ತಲುಪುವುದು ಅಲ್ಲಿನ ಶಿಕ್ಷಕರ ಮೂಲಕವೇ.

ತರಗತಿಯಲ್ಲಿ

ಕಾರ್ಖಾನೆಗೆ ಹೋಗಲಾಗದ ಶಾಲೆಗೆ ಒಂದು ಚಟುವಟಿಕೆ. ಆರು ಮಕ್ಕಳನ್ನು ಸಾಲಾಗಿ ಕೂರಿಸಿ ರಟ್ಟಿನ ಕಾರು ಮಾಡಿಸಿ: ಒಬ್ಬರು ಕತ್ತರಿಸಲಿ, ಒಬ್ಬರು ಮಡಿಸಲಿ, ಒಬ್ಬರು ಅಂಟಿಸಲಿ, ಒಬ್ಬರು ಗಾಲಿ ಹಚ್ಚಲಿ, ಒಬ್ಬರು ಬಣ್ಣ ಬಳಿಯಲಿ, ಒಬ್ಬರು ತಪಾಸಣೆ ಮಾಡಲಿ. ಪಕ್ಕದಲ್ಲಿ ಇನ್ನು ಆರು ಮಕ್ಕಳು ಒಬ್ಬೊಬ್ಬರೇ ಪೂರ್ತಿ ಕಾರು ಮಾಡಲಿ. ಇಪ್ಪತ್ತು ನಿಮಿಷದ ನಂತರ ಎಣಿಸಿ. ಸಾಲಿನ ಯಾವ ಜಾಗದಲ್ಲಿ ರಟ್ಟು ಗುಡ್ಡೆಯಾಗಿದೆ ಎಂದು ಕೇಳಿ. ಸಾಮಾನ್ಯವಾಗಿ ಅಂಟಿಸುವವರ ಮುಂದೆ. ಎರಡನೆಯ ಸುತ್ತಿನಲ್ಲಿ ಸಾಲಿಗೆ ಒಂದು ದಾರ ಮತ್ತು ಗಂಟೆ ಕಟ್ಟಿ; ತಪ್ಪು ಕಂಡವರು ಎಳೆಯಲಿ. ಕೊನೆಗೆ ಎರಡೂ ಗುಂಪಿಗೆ ಒಂದೇ ಪ್ರಶ್ನೆ: ಯಾರಿಗೆ ಬೇಸರವಾಯಿತು, ಯಾರಿಗೆ ಖುಷಿಯಾಯಿತು? ಹೆಚ್ಚು ಕಾರು ಮಾಡಿದ ಗುಂಪೇ ಹೆಚ್ಚು ಖುಷಿಯ ಗುಂಪಾಗಿರಬೇಕಿಲ್ಲ. ಈ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಹಾಗೆಯೇ ಬಿಡಿ.

ಹತ್ತಿರದ ಭೇಟಿಗಳೂ ಸಾಕಷ್ಟಿವೆ: ಗಂಗಾವತಿಯಲ್ಲಿ ಅಕ್ಕಿ ಗಿರಣಿ, ಭಾಗ್ಯನಗರದಲ್ಲಿ ಕೈಮಗ್ಗ ಮತ್ತು ವಿದ್ಯುತ್ ಮಗ್ಗ. ಎಲ್ಲೇ ಹೋದರೂ ಮೊದಲೇ ಪತ್ರ ಬರೆದು ಅನುಮತಿ ಪಡೆಯಬೇಕು. ಸೆರಗು, ದುಪಟ್ಟಾ, ಸಡಿಲ ತೋಳು ಯಂತ್ರದ ಬಳಿ ಅಪಾಯ. ಮುಚ್ಚಿದ ಬೂಟು ಬೇಕು. ಚಿತ್ರ ತೆಗೆಯುವ ಮುನ್ನ ಕೇಳಬೇಕು. ಪ್ರತಿ ಮಗುವಿಗೂ ಒಂದೇ ಒಂದು ಯಂತ್ರ ಅಥವಾ ಒಬ್ಬರೇ ಕೆಲಸಗಾರರನ್ನು ಐದು ನಿಮಿಷ ನೋಡುವ ಕೆಲಸ ಕೊಡಿ. ಯಂತ್ರ ಏನು ಮಾಡಿತು, ಮನುಷ್ಯ ಏನು ಮಾಡಿದರು, ಯಂತ್ರ ನಿಂತಾಗ ಯಾರು ಬಂದರು ಎಂಬ ಮೂರು ಅಂಕಣ ಸಾಕು. ವರದಿಯೆಂದರೆ ‘ಬೆಳಿಗ್ಗೆ ಆರಕ್ಕೆ ಹೊರಟೆವು, ಉಪಾಹಾರ ಸೇವಿಸಿದೆವು’ ಎಂದು ಬರೆಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ; ಮೂರು ಅಂಕಣಗಳು ಅದನ್ನು ತಾವಾಗಿಯೇ ತಪ್ಪಿಸುತ್ತವೆ.

ಮೌಲ್ಯಮಾಪನದಲ್ಲಿ ಹೊಂದಿಸಿ ಬರೆಯುವ ಪ್ರಶ್ನೆಯ ಜೊತೆಗೆ ಇದನ್ನೂ ಇಡಿ: ‘ನಿಮ್ಮ ಮನೆಯವರು ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದರ ಯಾವ ಭಾಗವನ್ನು ಯಂತ್ರಕ್ಕೆ ಸುಲಭವಾಗಿ ಕಲಿಸಬಹುದು? ಯಾವುದನ್ನು ಕಲಿಸುವುದು ಕಷ್ಟ? ಕಾರಣ ಕೊಡಿ.’ ನಾಲ್ಕು ಅಂಕ. ಕೆಲಸವನ್ನು ಬಿಡಿಸಿ ಬರೆದದ್ದಕ್ಕೆ ಎರಡು, ಭಾರ, ಅಪಾಯ, ಏಕತಾನತೆ, ಮೆತ್ತನೆಯ ವಸ್ತು ಇಂಥ ಕಾರಣ ಕೊಟ್ಟದ್ದಕ್ಕೆ ಎರಡು. ಹತ್ತಿ ಬಿಡಿಸುವುದು, ರೊಟ್ಟಿ ಬಡಿಯುವುದು, ಕುರಿ ಕಾಯುವುದು ಯಾವುದನ್ನು ಬರೆದರೂ ಸರಿ.